ಓಟವೇ ಇಲ್ಲದಲ್ಲಿ ಹಿಂದೆ ಬಿದ್ದವರು

ಪ್ರಯೋಗಾಲಯದಲ್ಲಿ ಬೆಳೆಸಿದ ಮಾಂಸದ ಬಗ್ಗೆ ಬರೆಯುವವರು, ಮಾತಾಡುವವರು ಈಗ ಒಂದು ಭೂಪಟ ಹಿಡಿದುಕೊಂಡೇ ಬರುತ್ತಾರೆ. ಸಿಂಗಪುರಕ್ಕೆ ಹಸಿರು ಬಣ್ಣ, ಅಮೆರಿಕಕ್ಕೆ ಹಸಿರು, ಇಸ್ರೇಲಿಗೆ ಹಸಿರು, ಆಸ್ಟ್ರೇಲಿಯಾಕ್ಕೂ ಈಚೆಗೆ ಹಸಿರು. ಇಟಲಿಗೆ ಕೆಂಪು. ಭಾರತಕ್ಕೆ ಬೂದು. ಬೂದು ಬಳಿದಿದ್ದಾರೆಂದರೆ ಇಲ್ಲಿಯವರು ಇನ್ನೂ ಮಲಗಿದ್ದಾರೆ ಎಂದು ತಿಳಿಯಬೇಕು. ಅಲ್ಲಿಂದ ಉಪದೇಶ ಶುರುವಾಗುತ್ತದೆ. ಜಗತ್ತು ಓಡುತ್ತಿದೆ, ನಾವು ಹಿಂದೆ ಬಿದ್ದಿದ್ದೇವೆ. ಬೆಂಗಳೂರಿನಂಥ ಜೈವಿಕ ತಂತ್ರಜ್ಞಾನದ ಊರು ಇಟ್ಟುಕೊಂಡು, ಅಹಿಂಸೆಯನ್ನು ಲೋಕಕ್ಕೆ ಕಲಿಸಿದ ನಾಡಿನಲ್ಲಿ ಹುಟ್ಟಿಕೊಂಡು, ಪ್ರಾಣಿ ಕೊಲ್ಲದೆ ಸಿಗುವ ಮಾಂಸದ ವಿಷಯದಲ್ಲಿ ಹಿಂದೆ ಉಳಿಯುವುದೆಂದರೇನು? ಸರ್ಕಾರ ದುಡ್ಡು ಕೊಡಬೇಕು, ನಿಯಮ ಸಡಿಲಿಸಬೇಕು, ಸ್ಟಾರ್ಟಪ್‌ಗಳಿಗೆ ಜಾಗ ಬಿಟ್ಟುಕೊಡಬೇಕು.

ಈ ವಾದವನ್ನು ತಲೆದೂಗಿ ಒಪ್ಪುವವರೇ ಹೆಚ್ಚು. ಅದಕ್ಕೆ ವಿಜ್ಞಾನದ ಹೊಳಪೂ ಇದೆ, ಪುಣ್ಯದ ವಾಸನೆಯೂ ಇದೆ. ಎರಡೂ ಒಟ್ಟಿಗೆ ಬಂದರೆ ಎದುರು ಮಾತಾಡಲು ಯಾರಿಗೂ ಬಾಯಿ ಬರುವುದಿಲ್ಲ. ಶಿವಮೊಗ್ಗದ ಗೋಪಾಳದಲ್ಲಿ ಕೂತು ನಾನು ಆಡಬೇಕೆಂದಿರುವುದು ಆ ಎದುರು ಮಾತನ್ನೇ. ಭೂಪಟದಲ್ಲಿ ಕಾಣುವುದು ಓಟದ ಪಂದ್ಯವಲ್ಲ. ಬೇರೆ ಬೇರೆ ದೇಶಗಳು ತಂತಮ್ಮ ಮನೆಯ ತೊಂದರೆಗೆ ಹುಡುಕಿಕೊಂಡ ಬೇರೆ ಬೇರೆ ಮದ್ದುಗಳು ಅವು. ನಮಗೆ ಆ ಕಾಯಿಲೆ ಇದೆಯೇ ಎಂದು ಕೇಳದೆ ಮದ್ದಿನ ಅಂಗಡಿ ಮುಂದೆ ಸರದಿ ನಿಲ್ಲಬೇಕಾಗಿಲ್ಲ.

ಸಿಂಗಪುರವನ್ನೇ ನೋಡಿ. ತಿನ್ನುವ ಆಹಾರದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ಹಡಗಿನಲ್ಲೋ ವಿಮಾನದಲ್ಲೋ ತರಿಸಿಕೊಳ್ಳುವ ಊರು ಅದು. ನೆರೆಯ ಮಲೇಷ್ಯಾ ಕೋಳಿ ಕಳಿಸುವುದಿಲ್ಲ ಎಂದು 2022ರಲ್ಲಿ ಕೆಲವು ತಿಂಗಳು ಹಟ ಹಿಡಿದಾಗ ಅಲ್ಲಿನ ಕೋಳಿ-ಅನ್ನದ ಅಂಗಡಿಗಳವರು ತಲೆ ಮೇಲೆ ಕೈ ಹೊತ್ತು ಕೂತರು. ಅಂಥ ಊರು 2020ರ ಡಿಸೆಂಬರಿನಲ್ಲಿ, ಜಗತ್ತಿನಲ್ಲೇ ಮೊದಲಿಗೆ, ಅಮೆರಿಕದ ಈಟ್ ಜಸ್ಟ್ ಕಂಪನಿಯ ‘ಗುಡ್ ಮೀಟ್’ ಕೋಳಿ ಮಾಂಸಕ್ಕೆ ಒಪ್ಪಿಗೆ ಕೊಟ್ಟಿತು. ಅದು ಸರಿಯಾದ ತೀರ್ಮಾನವೇ. ಅಂಗೈಯಗಲ ಜಾಗದಲ್ಲಿ ಬದುಕುವವರು ಉಕ್ಕಿನ ತೊಟ್ಟಿಯೊಳಗೆ ಹೊಲ ಹುಡುಕಿದರೆ ತಪ್ಪೇನಿಲ್ಲ. ಆದರೆ ಒಪ್ಪಿಗೆ ಸಿಕ್ಕಿ ಮೂರೂವರೆ ವರ್ಷವಾದ ಮೇಲೆ, 2024ರಲ್ಲಿ, ಅಲ್ಲಿನ ಒಂದು ಮಾಂಸದಂಗಡಿಯ ಫ್ರೀಜರಿಗೆ ಅದೇ ಕಂಪನಿಯ ಸರಕು ಬಂದಾಗ ಅದರಲ್ಲಿದ್ದ ಕೋಳಿ ಕೋಶದ ಪಾಲು ನೂರಕ್ಕೆ ಮೂರು. ಉಳಿದ ತೊಂಬತ್ತೇಳು ಸಸ್ಯಜನ್ಯ ಪದಾರ್ಥ. ಹೊಸ ಯುಗದ ಕೋಳಿ ಸಾರಿನಲ್ಲಿ ಕೋಳಿ ಈಜಿಕೊಂಡು ಹೋದ ಗುರುತು ಮಾತ್ರ ಇತ್ತು! ದೇಶಕ್ಕೆ ಬೇಕಾದ ಆಹಾರದ ನೂರಕ್ಕೆ ಮೂವತ್ತನ್ನು 2030ರೊಳಗೆ ತಾನೇ ಬೆಳೆಯುತ್ತೇನೆಂದು ಸಿಂಗಪುರ 2019ರಲ್ಲಿ ಹಾಕಿಕೊಂಡಿದ್ದ ಗುರಿಯನ್ನೂ 2025ರ ಕೊನೆಯಲ್ಲಿ ಕೈಬಿಟ್ಟು ಬೇರೆ ಗುರಿ ಇಟ್ಟುಕೊಂಡಿತು. ಭೂಪಟದಲ್ಲಿ ಮಾತ್ರ ಅದು ಈಗಲೂ ಹಚ್ಚ ಹಸಿರು.

ಇಸ್ರೇಲ್ ದನದ ಮಾಂಸವನ್ನು ಬಹುಪಾಲು ಹೊರಗಿನಿಂದ ತರಿಸಿಕೊಳ್ಳುವ ದೇಶ. ದನದ ಕೋಶ ಬೆಳೆಸುವ ಅಲ್ಲಿನ ಕಂಪನಿ ಅಲೆಫ್ ಫಾರ್ಮ್ಸ್‌ಗೆ 2024ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ನೆದರ್ಲೆಂಡ್ಸಿನ ಕತೆ ಬೇರೆ. 2013ರ ಆಗಸ್ಟಿನಲ್ಲಿ ಮಾರ್ಕ್ ಪೋಸ್ಟ್ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಹುರಿಸಿ ತೋರಿಸಿದ ಎರಡೂವರೆ ಲಕ್ಷ ಯೂರೋ ವೆಚ್ಚದ ಬರ್ಗರ್ ಆ ದೇಶದ್ದು. ಅಲ್ಲಿನ ತೊಂದರೆ ಮಾಂಸ ಸಾಲದೆಂಬುದಲ್ಲ, ಮಿತಿಮೀರಿದೆ ಎಂಬುದು. ಹಂದಿ, ದನ, ಕೋಳಿಗಳ ಸಗಣಿಯ ಸಾರಜನಕ ನೆಲ-ನೀರನ್ನು ಕೆಡಿಸಿ, ಅದನ್ನು ತಡೆಯಹೊರಟ ಸರ್ಕಾರದ ವಿರುದ್ಧ ರೈತರು ಟ್ರ್ಯಾಕ್ಟರ್ ತಂದು ಹೆದ್ದಾರಿಗೆ ಅಡ್ಡ ನಿಲ್ಲಿಸಿದರು. ಅಂಥ ದೇಶ 2022ರಲ್ಲಿ ಈ ತಂತ್ರಜ್ಞಾನಕ್ಕೆ ಆರು ಕೋಟಿ ಯೂರೋ ಎತ್ತಿಟ್ಟಿದ್ದರಲ್ಲಿ ಅರ್ಥವಿದೆ. ನಮ್ಮ ಭದ್ರಾವತಿ, ಶಿಕಾರಿಪುರದ ಕಡೆ ಕುರಿ ಮಂದೆಯನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿದ್ದಕ್ಕೆ ರೈತ ಕುರಿಯವನಿಗೇ ಕಾಳು, ದುಡ್ಡು ಕೊಡುತ್ತಾನೆ. ಹಿಕ್ಕೆ ಅಲ್ಲಿ ಶಾಪ, ಇಲ್ಲಿ ಸಂಪತ್ತು. ಅಡಿಕೆ ತೋಟದವರಂತೂ ಕೊಟ್ಟಿಗೆ ಗೊಬ್ಬರಕ್ಕೆ ಮುಂಗಡ ಕೊಟ್ಟು ಕಾಯುತ್ತಾರೆ.

ಇನ್ನು ಅಮೆರಿಕ. ವಿಜಯವಾಡದಲ್ಲಿ ಹುಟ್ಟಿದ ಹೃದ್ರೋಗ ವೈದ್ಯ ಉಮಾ ವಲೇಟಿ 2015ರಲ್ಲಿ ಅಲ್ಲಿ ಕಟ್ಟಿದ ಮೆಂಫಿಸ್ ಮೀಟ್ಸ್, ಈಗಿನ ಅಪ್‌ಸೈಡ್ ಫುಡ್ಸ್, ನಮ್ಮ ಪತ್ರಿಕೆಗಳಿಗೆ ಬಲು ಪ್ರಿಯ. ‘ನಮ್ಮವರೇ’ ಎಂಬ ಹೆಮ್ಮೆ. 2023ರ ಜೂನ್‌ನಲ್ಲಿ ಅದಕ್ಕೂ ಗುಡ್ ಮೀಟ್‌ಗೂ ಅಮೆರಿಕ ಸರ್ಕಾರ ಮಾರಾಟದ ಒಪ್ಪಿಗೆ ಕೊಟ್ಟಿತು. ಮಾರಿದ್ದೆಲ್ಲಿ? ಸ್ಯಾನ್ ಫ್ರಾನ್ಸಿಸ್ಕೊದಲ್ಲೊಂದು, ವಾಷಿಂಗ್ಟನ್‌ನಲ್ಲೊಂದು ದುಬಾರಿ ಹೋಟೆಲಿನಲ್ಲಿ, ಎಣಿಸಿದಷ್ಟು ತಟ್ಟೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಡಿಸಿದ ಕೋಳಿ ತುಂಡು ದೊಡ್ಡ ತೊಟ್ಟಿಗಳಲ್ಲಲ್ಲ, ಸಣ್ಣ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಕೈಯಾರೆ ಬೆಳೆಸಿದ್ದು ಎಂದು ‘ವೈರ್ಡ್’ ಪತ್ರಿಕೆ ಅದೇ ವರ್ಷ ಬರೆಯಿತು. ಇಲಿನಾಯ್ ರಾಜ್ಯದಲ್ಲಿ ಕಟ್ಟಬೇಕಿದ್ದ ದೊಡ್ಡ ಕಾರ್ಖಾನೆಯನ್ನು ಕಂಪನಿ 2024ರಲ್ಲಿ ನಿಲ್ಲಿಸಿತು. ಹೂಡಿಕೆಯ ಲೆಕ್ಕ ಇನ್ನೂ ಸ್ಪಷ್ಟ. 2021ರಲ್ಲಿ ಜಗತ್ತಿನಾದ್ಯಂತ ಈ ಉದ್ಯಮಕ್ಕೆ ಬಂದ ಹಣ ನೂರು ಕೋಟಿ ಡಾಲರ್ ದಾಟಿತ್ತು. 2024ರಲ್ಲಿ ಹದಿನೈದು ಕೋಟಿಯನ್ನೂ ಮುಟ್ಟಲಿಲ್ಲ. ಈ ಎಣಿಕೆ ವಿರೋಧಿಗಳದಲ್ಲ. ಉದ್ಯಮದ ಪರವಾಗಿಯೇ ದುಡಿಯುವ ಗುಡ್ ಫುಡ್ ಇನ್‌ಸ್ಟಿಟ್ಯೂಟ್‌ನದು. ಅಂದರೆ ನಾವು ಸೇರಿಕೊಳ್ಳಬೇಕೆಂದು ತವಕಿಸುತ್ತಿರುವ ಓಟದಿಂದ ದುಡ್ಡು ಕಟ್ಟಿದವರು ಆಗಲೇ ಎದ್ದು ಹೋಗುತ್ತಿದ್ದಾರೆ.

ಯಾಕೆ ಎದ್ದು ಹೋಗುತ್ತಿದ್ದಾರೆಂದು ತಿಳಿಯಲು ಜೀವಶಾಸ್ತ್ರದ ಪದವಿ ಬೇಡ. ಪ್ರಾಣಿಯ ಮೈಯಿಂದ ತೆಗೆದ ಕೋಶವನ್ನು ಸಕ್ಕರೆ, ಅಮೈನೋ ಆಮ್ಲ, ಲವಣ, ಬೆಳವಣಿಗೆಗೆ ಪ್ರಚೋದಿಸುವ ಪ್ರೋಟೀನುಗಳಿರುವ ದ್ರಾವಣದಲ್ಲಿ ಬೆಚ್ಚಗಿಟ್ಟು ಬೆಳೆಸಬೇಕು. ಒಂದು ಕೋಶ ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಅದೇ ದ್ರಾವಣದಲ್ಲಿ ಒಂದು ಬ್ಯಾಕ್ಟೀರಿಯಾ ನುಸುಳಿದರೆ ಅದು ಅರ್ಧ ಗಂಟೆಯಲ್ಲಿ ಎರಡಾಗುತ್ತದೆ. ಬೆಳಗಾಗುವುದರೊಳಗೆ ಇಡೀ ತೊಟ್ಟಿ ಚರಂಡಿಗೆ. ತಿಪ್ಪೆ ಕೆದಕುವ ನಾಟಿ ಕೋಳಿಗೆ ರೋಗ ತಡೆಯುವ ಶಕ್ತಿ, ಉಸಿರಾಟ, ಮೈಬಿಸಿ, ಕಸ ಹೊರಹಾಕುವ ವ್ಯವಸ್ಥೆ ಎಲ್ಲವೂ ಹುಟ್ಟಿನಿಂದಲೇ ಪುಕ್ಕಟೆ. ತೊಟ್ಟಿಯಲ್ಲಿ ಪ್ರತಿಯೊಂದನ್ನೂ ಉಕ್ಕು, ಕರೆಂಟು, ಶುದ್ಧೀಕರಿಸಿದ ಗಾಳಿ ಕೊಟ್ಟು ಕಟ್ಟಿಸಬೇಕು. ಡೇವಿಡ್ ಹಂಬರ್ಡ್ ಎಂಬ ರಾಸಾಯನಿಕ ಎಂಜಿನಿಯರ್ 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಭಾರಿ ಕಾರ್ಖಾನೆ ಕಟ್ಟಿದರೂ ಕೆಜಿಗೆ ಸುಮಾರು 37 ಡಾಲರ್ ಬೀಳುತ್ತದೆ. ಮೂರು ಸಾವಿರ ರೂಪಾಯಿ ದಾಟಿತು. ಅದೂ ಕಾರ್ಖಾನೆ ಬಾಗಿಲಿನಲ್ಲಿ, ನೀರು ನೀರಾದ ಕೋಶದ ಮುದ್ದೆಗೆ. ಫಾರಂ ಕೋಳಿ ಇನ್ನೂರು-ಮುನ್ನೂರಕ್ಕೆ ಸಿಗುವ ಊರಿನಲ್ಲಿ ನಿಂತು ಈ ಅಂಕಿ ಓದಬೇಕು.

ಇಲ್ಲಿ ಬೆಂಗಳೂರಿನ ಹೆಸರು ಹೇಳಿ ಬಾಯಿ ಮುಚ್ಚಿಸಲು ಬರುತ್ತಾರೆ. ಬಯೋಕಾನ್ ಮಾಡಿ ತೋರಿಸಲಿಲ್ಲವೇ, ಇದನ್ನೂ ಮಾಡಬಹುದು ಎನ್ನುತ್ತಾರೆ. 1978ರಲ್ಲಿ ಪರಂಗಿಯ ಪಪೇನ್, ಮೀನಿನ ಗಾಳಿಚೀಲದ ಐಸಿಂಗ್ಲಾಸ್ ತೆಗೆಯುತ್ತಾ ಶುರುವಾದ ಆ ಕಂಪನಿ ಆಮೇಲೆ ಇನ್ಸುಲಿನ್‌ಗೆ ಬಂದದ್ದು ನಿಜ. ಆದರೆ ಸಕ್ಕರೆ ಕಾಯಿಲೆಯವರು ಕೊಳ್ಳುವ ಒಂದು ಸೀಸೆಯಲ್ಲಿ ಇರುವ ಇನ್ಸುಲಿನ್ ಹದಿನಾಲ್ಕು-ಹದಿನೈದು ಮಿಲಿಗ್ರಾಂ. ಮಿಲಿಗ್ರಾಂ ಲೆಕ್ಕದಲ್ಲಿ ಮಾರುವ ವಸ್ತುವಿಗೆ ತೊಟ್ಟಿಯ ಖರ್ಚು ಹೊರುವ ತಾಕತ್ತಿದೆ. ಭಾನುವಾರ ಒಂದೂವರೆ ಕೆಜಿ ತೂಗಿಸಿಕೊಂಡು ಹೋಗುವ ವಸ್ತುವಿಗೆ ಆ ತಾಕತ್ತಿಲ್ಲ. ತಂತ್ರಜ್ಞಾನ ಒಂದೇ ಇರಬಹುದು, ತಕ್ಕಡಿ ಬೇರೆ.

ದೊಡ್ಡ ಬಂಡವಾಳ ನೆಲದಲ್ಲಿ ಹೂತು, ಮಾರುಕಟ್ಟೆ ಕೈಕೊಟ್ಟರೆ ಏನಾಗುತ್ತದೆಂದು ಭದ್ರಾವತಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು ನೋಡಿಕೊಂಡು 1918ರಲ್ಲಿ ಹೊರಟ ಕಬ್ಬಿಣದ ಕಾರ್ಖಾನೆಯದು ನಿಜವಾಗಿ ಇಲ್ಲಿನದೇ ಕಾರಣ, ಇಲ್ಲಿನದೇ ಕಚ್ಚಾ ಸರಕು. ಅದನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಆಮೇಲಿಂದ ಕುಂಟುತ್ತಾ ನಡೆದಿದೆ. 1936ರ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ಹತ್ತು ವರ್ಷ ದಾಟಿತು. ಇಲ್ಲಿ ಬೇರಿದ್ದ ಉದ್ಯಮಗಳ ಗತಿಯೇ ಇದಾದರೆ, ಬೇರೆಯವರ ಕಾರಣಕ್ಕೆ ಇಲ್ಲಿ ತೊಟ್ಟಿ ಕಟ್ಟುವವರು ಎರಡು ಸಲ ಲೆಕ್ಕ ಹಾಕಬೇಕು.

ಈಗ ‘ಅಹಿಂಸೆ’ಯ ವಾದ. ಭಾರತದಲ್ಲಿ ಸಸ್ಯಾಹಾರಿಗಳು ಕೋಟಿಗಟ್ಟಲೆ. ಕೊಲ್ಲದ ಮಾಂಸ ಬಂದರೆ ಅವರೆಲ್ಲ ಗಿರಾಕಿಗಳು ಎಂಬ ಎಣಿಕೆ ಹೂಡಿಕೆದಾರರ ಮುಂದೆ ಇಡುವ ಪ್ರತಿ ಸ್ಲೈಡಿನಲ್ಲೂ ಇರುತ್ತದೆ. 2018ರಲ್ಲಿ ಹೈದರಾಬಾದಿನ ಸಮಾವೇಶದಲ್ಲಿ ಆಗ ಸಚಿವೆಯಾಗಿದ್ದ ಮೇನಕಾ ಗಾಂಧಿ ಇದರ ಪರ ಮಾತಾಡಿದರು. ಮರುವರ್ಷವೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಅಲ್ಲಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿ ಮತ್ತು ರಾಷ್ಟ್ರೀಯ ಮಾಂಸ ಸಂಶೋಧನಾ ಕೇಂದ್ರಕ್ಕೆ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ ಕೊಟ್ಟಿತು. ಹಣ ದೊಡ್ಡದಲ್ಲ, ಸಂಶೋಧನೆಗೆ ಕೊಟ್ಟರೆ ತಕರಾರೂ ಇಲ್ಲ. ತಕರಾರಿರುವುದು ಆ ಎಣಿಕೆಯ ಬಗ್ಗೆ. ನಮ್ಮಲ್ಲಿ ಮಾಂಸ ಬಿಟ್ಟವರು ಬಿಟ್ಟಿರುವುದು ಕೊಲೆಯೊಂದೇ ಕಾರಣಕ್ಕಲ್ಲ. ಜಾತಿ, ಮಡಿ, ಮನೆತನ, ವಾಸನೆ, ಅಡುಗೆಮನೆಯ ಪಾತ್ರೆ, ಬಾಡಿಗೆ ಮನೆ ಕೊಡುವಾಗ ಕೇಳುವ ಆ ಒಂದು ಪ್ರಶ್ನೆ, ಇವೆಲ್ಲ ಸೇರಿ ಆಗಿರುವ ಬಿಡುವಿಕೆ ಅದು. ಕೋಶ ತೊಟ್ಟಿಯಲ್ಲಿ ಬೆಳೆಯಿತೆಂದು ಹೇಳಿದರೆ ಆ ಬಾಡಿಗೆ ಮನೆಯ ಒಡೆಯರು ಬಾಗಿಲು ತೆರೆಯುತ್ತಾರೆಯೇ? ಅಹಿಂಸೆಯ ಲೆಕ್ಕವಾದರೂ ಎಷ್ಟು ಚೊಕ್ಕ? ಈ ಕೋಶಗಳನ್ನು ಬೆಳೆಸಲು ಬಹುಕಾಲ ಬಳಸಿದ್ದು ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯ ಕರುವಿನಿಂದ ತೆಗೆದ ರಕ್ತದ ಸೀರಂ. ಮಾರ್ಕ್ ಪೋಸ್ಟ್‌ರ ಮೊದಲ ಬರ್ಗರಿಗೂ ಅದೇ; ಸಿಂಗಪುರದಲ್ಲಿ ಮೊದಲು ಮಾರಿದ ಕೋಳಿಗೂ ಅದೇ. ಸೀರಂ ಇಲ್ಲದ ವಿಧಾನಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಸುಧಾರಿಸಿದ್ದಾರೆ, ಸಂತೋಷ. ಆದರೆ ಪುಣ್ಯದ ಜಾಹೀರಾತು ಸುಧಾರಣೆಗಿಂತ ಮುಂಚೆಯೇ ಬಂದಿತ್ತು.

ಮಾಂಸ ತಿನ್ನುವವರನ್ನು ಯಾರೂ ಕೇಳಿಲ್ಲ. ಕರ್ನಾಟಕದಲ್ಲಿ ಐವರಲ್ಲಿ ಸುಮಾರು ನಾಲ್ವರು ಅವರೇ. ಭಾನುವಾರ ಬೆಳಿಗ್ಗೆ ಗೋಪಾಳದ ಯಾವ ಮಾಂಸದಂಗಡಿಯ ಮುಂದಾದರೂ ನಿಂತು ಕೇಳಿ. ‘ಲಿವರ್ ಸೇರಿಸಿ ಹಾಕಿ’, ‘ಎದೆ ಭಾಗ ಬ್ಯಾಡ, ಒಣಗಿದಂಗಿರುತ್ತೆ’, ‘ಮೂಳೆ ಸಮೇತ ಸಣ್ಣ ಪೀಸು’, ‘ಕಾಲು ಇದ್ರೆ ಎತ್ತಿಡಿ, ಸೂಪಿಗೆ’. ತಲೆಮಾಂಸಕ್ಕೆ ಮುಂಚೆಯೇ ಹೇಳಿಟ್ಟವರು, ಬೋಟಿಗೆಂದೇ ಬಂದವರು, ಕೈಮಾ ಮಾಡಿಸಿಕೊಳ್ಳುವವರು ಎಲ್ಲ ಇರುತ್ತಾರೆ. ಅಕ್ಕಿ ಕಡುಬಿಗೆ ಕೋಳಿ ಸಾರು ಬೇಕೆಂದರೆ ಆ ಸಾರಿಗೆ ಮೂಳೆಯ ರಸ, ಚರ್ಮದಡಿಯ ಕೊಬ್ಬು ಇಳಿಯಬೇಕು. ತೊಟ್ಟಿಯಿಂದ ಬರುವುದಕ್ಕೆ ಮೂಳೆಯಿಲ್ಲ, ಲಿವರಿಲ್ಲ, ಕಾಲಿಲ್ಲ, ತಲೆಯಿಲ್ಲ. ಅದು ಗಟ್ಟಿಯಾಗಿ ಕಚ್ಚದ ಜನಕ್ಕೆ, ಕಟ್‌ಲೆಟ್-ಬರ್ಗರಿನ ಜನಕ್ಕೆ ಮಾಡಿದ ಮುದ್ದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಊರಿಗೆ ಊರೇ ನೆಂಟರನ್ನು ಕರೆದು ಉಣಿಸುತ್ತದೆ. ಹಿರಿಯರ ಹಬ್ಬಕ್ಕೆ ಸತ್ತ ಅಪ್ಪನಿಗೆ ಪ್ರಿಯವಾದದ್ದನ್ನೇ ಎಡೆ ಇಡುತ್ತಾರೆ. ಹರಕೆಯ ಕೋಳಿಗೆ ಬದಲಾಗಿ ಒಂದು ಪ್ಯಾಕೆಟ್ ಇಟ್ಟರೆ ದೇವಿ ಏನನ್ನುತ್ತಾಳೋ ಗೊತ್ತಿಲ್ಲ, ಅಜ್ಜಿ ಏನನ್ನುತ್ತಾಳೆಂದು ಗೊತ್ತು.

ಮೀನಿನ ಕಡೆಗೂ ಇದೇ ಕತೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2024ರ ಜನವರಿಯಲ್ಲಿ ದಿಲ್ಲಿಯ ನೀಟ್ ಮೀಟ್ ಎಂಬ ಸ್ಟಾರ್ಟಪ್ ಜೊತೆ ಒಪ್ಪಂದ ಮಾಡಿಕೊಂಡಿತು. ಬೆಳೆಸಲು ಆರಿಸಿಕೊಂಡದ್ದು ಪಾಂಫ್ರೆಟ್, ಅಂಜಲ್‌ನಂಥ ದುಬಾರಿ ಮೀನು. ಕರಾವಳಿಯಿಂದ ಘಾಟಿ ಹತ್ತಿ ನಮ್ಮ ಸಂತೆಗೆ ಬರುವ, ಕೂಲಿಯವರ ಮನೆಯಲ್ಲಿ ಬೇಯುವ ಬೂತಾಯಿಯ ಸುದ್ದಿ ಅಲ್ಲಿಲ್ಲ. ಇರುವುದೂ ಸಾಧ್ಯವಿಲ್ಲ, ಬೂತಾಯಿಯ ದರಕ್ಕೆ ತೊಟ್ಟಿಯ ನೀರೂ ಬರುವುದಿಲ್ಲ. ದೇಶದ ಪ್ರೋಟೀನ್ ಕೊರತೆ ನೀಗಿಸುತ್ತೇವೆಂಬ ಮಾತು, ಬೆಳೆಸುವುದು ಅಂಜಲ್!

ಹವಾಮಾನದ ವಾದ ಇವೆಲ್ಲಕ್ಕಿಂತ ಗಟ್ಟಿ, ಅದನ್ನು ಹಗುರಾಗಿ ತಳ್ಳುವಂತಿಲ್ಲ. ಮನುಷ್ಯರು ಹೊರಬಿಡುವ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ ಹದಿನಾಲ್ಕೂವರೆ ಪಾಲು ಜಾನುವಾರು ಸಾಕಣೆಯದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೇಳಿತ್ತು. ಮಾಂಸಕ್ಕೆಂದೇ ಸಾವಿರಾರು ದನ ಕೂಡಿ ಜೋಳ ತಿನ್ನಿಸುವ ಟೆಕ್ಸಾಸ್‌ಗೆ ಆ ಮಾತು ನೇರವಾಗಿ ತಾಗುತ್ತದೆ. ಕರ್ನಾಟಕಕ್ಕೆ? ಇಲ್ಲಿ ಹಸು ಸಾಕುವುದು ಹಾಲಿಗೆ, ಗೊಬ್ಬರಕ್ಕೆ, ಎತ್ತಿಗೆ. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಬೇರೆ ದನ ಕಡಿಯಲು ಬಿಡುವುದಿಲ್ಲ. ಹಾಗಿರುವಾಗ ತೊಟ್ಟಿಯಲ್ಲಿ ಎಷ್ಟೇ ದನದ ಮಾಂಸ ಬೆಳೆಸಿದರೂ ಈ ರಾಜ್ಯದಲ್ಲಿ ಒಂದು ಹಸುವಿನ ತೇಗೂ ಕಡಿಮೆಯಾಗದು. ಆ ತೇಗು ನಮ್ಮ ಬೆಳಗಿನ ಕಾಫಿಯದು, ತುಪ್ಪದ ದೋಸೆಯದು. ಅದರ ಲೆಕ್ಕವನ್ನು ಬಾಡೂಟದ ಖಾತೆಗೆ ಬರೆಯುವುದು ಅನ್ಯಾಯ. ನಾವು ಹೆಚ್ಚು ತಿನ್ನುವುದು ಕೋಳಿ. ಕೋಳಿಯ ಇಂಗಾಲದ ಹೊರೆ ಮೊದಲೇ ಹಗುರ. ತೊಟ್ಟಿಯ ಮಾಂಸದ ಪರವಾಗಿ ಉದಾರವಾಗಿ ಲೆಕ್ಕ ಹಾಕಿದ ಯುರೋಪಿನ ಅಧ್ಯಯನ ಕೂಡ, ಪೂರ್ತಿ ನವೀಕರಿಸಬಹುದಾದ ವಿದ್ಯುತ್ ಬಳಸಿದರೆ ಅದು ಕೋಳಿಗೆ ಸರಿಸಮ ಬರಬಹುದು ಎಂದಷ್ಟೇ ಹೇಳುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರಂತೂ, ಔಷಧ ದರ್ಜೆಯ ಶುದ್ಧ ಪೋಷಕಾಂಶ ಬಳಸುತ್ತಾ ಹೋದರೆ ದನದ ಮಾಂಸಕ್ಕಿಂತ ಹಲವು ಪಟ್ಟು ಹೆಚ್ಚು ಹೊರೆ ಎಂದು 2023ರಲ್ಲಿ ಎಚ್ಚರಿಸಿದರು.

ಇಷ್ಟು ಹೇಳಿದರೆ ‘ವಿಜ್ಞಾನ ವಿರೋಧಿ’ ಎಂಬ ಹಣೆಪಟ್ಟಿ ಸಿದ್ಧವಿರುತ್ತದೆ. ಹಾಗಾಗಿ ಶಿವಮೊಗ್ಗ ಜಿಲ್ಲೆಗೆ ಸೇರಿದ ವಿಜ್ಞಾನದ ಕತೆಯೊಂದನ್ನು ಅವರ ಮುಂದಿಡುತ್ತೇನೆ. ಕೋಳಿಯ ಕೋಶವನ್ನು ಗಾಜಿನಲ್ಲಿ ಬೆಳೆಸುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಹತ್ತಿ, ಮಂಗನ ಕಾಯಿಲೆ ಎಂದು ಹೆಸರಾಯಿತು. ಅದಕ್ಕೆ ಕೊಟ್ಟ ಲಸಿಕೆ ತಯಾರಾಗುತ್ತಿದ್ದದ್ದು ಕೋಳಿ ಭ್ರೂಣದ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ ವೈರಸ್ ಬೆಳೆಸಿ, ಆಮೇಲೆ ಅದನ್ನು ಫಾರ್ಮಲಿನ್‌ನಿಂದ ಕೊಂದು. ತಯಾರಿಸುತ್ತಿದ್ದದ್ದು ಹೆಬ್ಬಾಳದ ಸರ್ಕಾರಿ ಪಶು ಜೈವಿಕ ಸಂಸ್ಥೆ. ಅಮೆರಿಕ ಒಪ್ಪಿದ ಗುಡ್ ಮೀಟ್ ಕೋಳಿಯೂ ಫೈಬ್ರೋಬ್ಲಾಸ್ಟ್ ಕೋಶವೇ. ಅದೇ ಹಕ್ಕಿ, ಅದೇ ಕೋಶ! 1990ರಿಂದ ಆ ಲಸಿಕೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನವರ ತೋಳಿಗೆ ಇಳಿಯಿತು. ಕಾಲ ಹೋದಂತೆ ಅದರ ಬಲ ಕುಗ್ಗಿತು; ಹೊಸದನ್ನು ರೂಪಿಸಲು ಯಾರೂ ಅವಸರ ಮಾಡಲಿಲ್ಲ. 2018ರ ಕೊನೆಗೆ ಸಾಗರದ ಅರಳಗೋಡಿನಲ್ಲಿ ಕಾಯಿಲೆ ಎದ್ದು ಹಲವರು ಸತ್ತರು. 2022ರಲ್ಲಿ ಲಸಿಕೆ ಕೊಡುವುದೇ ನಿಂತಿತು. ಐಸಿಎಂಆರ್ ಈಗ ಹೊಸ ಲಸಿಕೆಯ ಕೆಲಸದಲ್ಲಿದೆ. ಅಲ್ಲಿಯವರೆಗೆ ತರಗೆಲೆ ಗುಡಿಸಿ ತರಲು ಹೋಗುವವರು ಕಾಯಿಲೆ ಹರಡುವ ಉಣುಗು ಹತ್ತದಿರಲೆಂದು ಕೈಕಾಲಿಗೆ ಆರೋಗ್ಯ ಇಲಾಖೆ ಕೊಟ್ಟ ಡೇಪಾ ಎಣ್ಣೆ ಸವರಿಕೊಳ್ಳಬೇಕು.

ಯಾವ ಭೂಪಟವೂ ಇದನ್ನು ನಮ್ಮ ಹಿಂದುಳಿದಿರುವಿಕೆ ಎಂದು ಗುರುತಿಸಿಲ್ಲ. ಕೋಶ ಬೆಳೆಸುವ ವಿದ್ಯೆಯಲ್ಲಿ ಕರ್ನಾಟಕ ನಿಜವಾಗಿ ಎಲ್ಲಿ ಸೋತಿದೆಯೋ ಅಲ್ಲಿ ಹೂಡಿಕೆದಾರರಿಲ್ಲ, ಸಮಾವೇಶವಿಲ್ಲ, ಸ್ಲೈಡಿಲ್ಲ. ಯಾಕೆಂದರೆ ಈ ಕಾಯಿಲೆ ಬರುವುದು ಸ್ಯಾನ್ ಫ್ರಾನ್ಸಿಸ್ಕೊದವರಿಗಲ್ಲ, ಕಾಡಿಗೆ ಹೋಗುವ ಬಡವರಿಗೆ.

ಇಲ್ಲಿನ ಪ್ರಶ್ನೆ ಹಿಡಿದು ಹೊರಟ ಆಹಾರ ವಿಜ್ಞಾನ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಎಮ್ಮೆ ಹಾಲಿನಿಂದ ಕೂಸುಗಳಿಗೆ ಆಗಿಬರುವ ಪುಡಿ ಮಾಡಲು ಸಾಧ್ಯವಿಲ್ಲ ಎಂದು ಹೊರದೇಶದವರು ಹೇಳುತ್ತಿದ್ದಾಗ ಅದನ್ನು ಮಾಡಿ ತೋರಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಅಮುಲ್‌ನ ಶಿಶು ಆಹಾರ ಹುಟ್ಟಿದ್ದು ಅದರಿಂದ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಗಿರಿರಾಜ ಕೋಳಿ ಬಿಡುಗಡೆ ಮಾಡಿತು, 2005ರಲ್ಲಿ ಸ್ವರ್ಣಧಾರಾ ಬಂತು. ಹಿತ್ತಿಲಲ್ಲಿ ಹುಳು-ಕಾಳು ತಿಂದು ಬೆಳೆಯುವ, ನಾಟಿಯ ಹಾಗೆ ಬಣ್ಣವಿದ್ದು ನಾಟಿಗಿಂತ ಬೇಗ ತೂಕ ಬರುವ ಹಕ್ಕಿ. ಕಾವಿಗೆ ಕೂರುವುದಿಲ್ಲ, ಮರಿಗೆ ಮತ್ತೆ ಕೇಂದ್ರಕ್ಕೇ ಹೋಗಬೇಕು ಎಂಬ ದೂರು ಹೆಂಗಸರದು, ಸರಿಯಾದ ದೂರೇ. ಆದರೆ ಆ ದೂರನ್ನು ತೆಗೆದುಕೊಂಡು ಹೋಗಲು ಒಂದು ವಿಳಾಸವಿತ್ತು. ಶಿವಮೊಗ್ಗದ ವಿನೋಬನಗರದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ತೊಟ್ಟಿಯ ಕೋಶದ ತಳಿ, ಅದರ ದ್ರಾವಣ, ಅದರ ಪೇಟೆಂಟು ಇರುವ ವಿಳಾಸಕ್ಕೆ ಯಾವ ಬಸ್ಸು ಹತ್ತಿ ಹೋಗುವುದು?

ಒಡೆತನದ ಈ ಮಾತು ನಮ್ಮ ಜಿಲ್ಲೆಗೆ ಬೇಗ ಅರ್ಥವಾಗಬೇಕು. ಶಿವಮೊಗ್ಗದ ಗೋಪಾಲಗೌಡ ಬಡಾವಣೆಗೆ ಹೆಸರು ಕೊಟ್ಟ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1951ರಲ್ಲಿ ಕಾಗೋಡಿನ ಗೇಣಿದಾರರ ಜೊತೆ ನಿಂತಾಗ ಜಗಳ ಹತ್ತಿದ್ದು ಭತ್ತ ಅಳೆಯುವ ಕೊಳಗದ ಮೇಲೆ. ಬೆಳೆದವನು ಒಬ್ಬ, ಅಳೆಯುವ ಕೊಳಗ ಇನ್ನೊಬ್ಬನ ಕೈಯಲ್ಲಿ. ಇಂದು ಫಾರಂ ಕೋಳಿ ಸಾಕುವ ರೈತನದೂ ಅದೇ ಪಾಡು. ಮರಿ ಕಂಪನಿಯದು, ಮೇವು ಕಂಪನಿಯದು, ತೂಕ ಕಂಪನಿಯದ್ದು. ಅವನದು ಶೆಡ್ಡು, ಕರೆಂಟ್ ಬಿಲ್ಲು, ನಿದ್ದೆಗೆಟ್ಟ ರಾತ್ರಿ. ಫಾರಂ ಕೋಳಿಯ ಬದುಕು ಹೀನ, ಅದಕ್ಕೆ ಸುರಿಯುವ ಆ್ಯಂಟಿಬಯೋಟಿಕ್ ನಮಗೇ ಮುಳುವು ಎಂದು ತೊಟ್ಟಿಯ ಪರ ಇರುವವರು ಹೇಳಿದರೆ ನನ್ನದೂ ಒಪ್ಪಿಗೆಯಿದೆ. ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮೇವಿಗೆ ಬೆರೆಸಬಾರದೆಂದು ಸರ್ಕಾರ 2019ರಲ್ಲಿ ನಿಷೇಧಿಸಬೇಕಾಯಿತು. ಅದಕ್ಕೆ ಪರಿಹಾರ ಶೆಡ್ಡನ್ನು ಸರಿಮಾಡುವುದು, ಅದರ ಮೇಲೆ ಕಣ್ಣಿಡುವುದು. ತೊಟ್ಟಿಯವರ ಪರಿಹಾರದಲ್ಲಿ ಶೆಡ್ಡೂ ಹೋಗುತ್ತದೆ, ರೈತನೂ ಹೋಗುತ್ತಾನೆ, ಕೊಳಗ ಮಾತ್ರ ಉಳಿಯುತ್ತದೆ.

ಹಾಗೆಂದು ನಿಷೇಧಿಸಿ ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಇಟಲಿ 2023ರಲ್ಲಿ, ಫ್ಲೋರಿಡಾ 2024ರಲ್ಲಿ ಮಾಡಿದ ನಿಷೇಧಗಳ ಹಿಂದೆ ಗ್ರಾಹಕರ ಆರೋಗ್ಯಕ್ಕಿಂತ ದನದ ಧಣಿಗಳ ಮತ ಹೆಚ್ಚು ಕೆಲಸ ಮಾಡಿದೆ. ಇನ್ನೊಬ್ಬರ ತಟ್ಟೆಗೆ ಕಾನೂನು ಕೈ ಹಾಕುವುದರ ರುಚಿ ನಮ್ಮ ರಾಜ್ಯಕ್ಕೆ ಈಗಾಗಲೇ ಸಾಕಷ್ಟಿದೆ. ಬೆಂಗಳೂರಿನ ರಿಚ್‌ಕೋರ್, ಈಗಿನ ಲಾರಸ್ ಬಯೋ, ಪ್ರಾಣಿ ಮೂಲವಿಲ್ಲದ ಬೆಳವಣಿಗೆಯ ಪ್ರೋಟೀನುಗಳನ್ನು ತಯಾರಿಸಿ ಜಗತ್ತಿಗೆ ಮಾರುತ್ತಿದೆ. ಅದು ಒಳ್ಳೆಯ ವ್ಯಾಪಾರ, ಲಸಿಕೆಗೂ ಬರುವ ವಿದ್ಯೆ, ನಡೆಯಲಿ. ಮುಂಬಯಿಯಲ್ಲೋ ದಿಲ್ಲಿಯಲ್ಲೋ ಖಾಸಗಿಯವರು ತಮ್ಮ ದುಡ್ಡಿನಲ್ಲಿ ತೊಟ್ಟಿ ಇಟ್ಟು ಪ್ರಯತ್ನಿಸಿದರೆ ಅದೂ ನಡೆಯಲಿ. ಕೇಂದ್ರ ಸರ್ಕಾರ 2024ರ ಆಗಸ್ಟಿನಲ್ಲಿ ಒಪ್ಪಿದ ಬಯೋ-ಇ3 ನೀತಿಯಲ್ಲಿ ‘ಸ್ಮಾರ್ಟ್ ಪ್ರೋಟೀನ್’ ಎಂಬ ಬಾಬ್ತು ಸೇರಿದೆ. ಆ ಬಾಬ್ತಿನಲ್ಲಿ ಸಾರ್ವಜನಿಕ ಹಣ ಹರಿಯುವ ಮುನ್ನ ಕೇಳಬೇಕಾದದ್ದು, ಕೆಜಿಗೆ ಎಷ್ಟಕ್ಕೆ ಕೊಡುತ್ತೀರಿ, ಯಾವ ವರ್ಷದೊಳಗೆ, ಕೊಡದಿದ್ದರೆ ಹಣ ಯಾರು ವಾಪಸು ಕಟ್ಟುತ್ತಾರೆ ಎಂದು. ಹೆಬ್ಬಾಳದ ಲಸಿಕೆಯ ಕೋಣೆಗೆ ಅದೇ ಬಾಬ್ತಿನಿಂದ ಎಷ್ಟು ಎಂದೂ ಕೇಳಬೇಕು.

ಮುಂದೊಂದು ದಿನ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮುಂದೆ ಇಂಥ ಮಾಂಸಕ್ಕೆ ಅರ್ಜಿ ಬಂದು ಒಪ್ಪಿಗೆಯಾದರೆ ನನ್ನದು ಒಂದೇ ಶರತ್ತು. ಪ್ಯಾಕೆಟ್ಟಿನ ಮುಂಭಾಗದಲ್ಲಿ, ಕೋಳಿಯ ಚಿತ್ರವಿದ್ದರೆ ಆ ಚಿತ್ರದಷ್ಟೇ ದೊಡ್ಡದಾಗಿ, ಒಳಗಿರುವ ಕೋಶದ ಪಾಲು ನೂರಕ್ಕೆ ಎಷ್ಟು ಎಂದು ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಮೂರಿದ್ದರೆ ಮೂರು ಎಂದೇ.